ಲಕಾರಕ್ಕೊಂದು ಕೊಂಬು

ಭಾನುವಾರ, ಮಧ್ಯಾಹ್ನ

ನನ್ನ ಪ್ರೀತಿಯ ಚಿಕ್ಕಮ್ಮನಿಗೆ,

ನಿನ್ನ ಕುಂಟಾಬಿಲ್ಲೆಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಎಡಗಾಲು ಮೊದಲಿನ ಹಾಗೇ ಇದೆ. ಬಲಗಾಲಿಗೆ ಹೋದ ತಿಂಗಳು ಹೊಸ ಪಾದ ಹಾಕಿಕೊಂಡೆ, ಅದೂ ನನ್ನ ಕೈಯಾರೆ ಮಾಡಿಕೊಂಡದ್ದು. ಮೊದಲೆರಡು ದಿನ ಹೊಸ ಸೊಸೆಯ ಹಾಗೆ ಮುನಿಸಿಕೊಂಡಿತ್ತು, ಈಗ ಹೇಳಿದ ಮಾತು ಕೇಳುತ್ತಿದೆ.

ಫೋನು ಮಾಡುವುದು ಬಿಟ್ಟು ಇವಳೇಕೆ ಪತ್ರ ಬರೆದಳು ಎಂದು ನೀನು ಈಗಾಗಲೇ ಕನ್ನಡಕವನ್ನು ಹಣೆಗೇರಿಸಿ ಯೋಚಿಸುತ್ತಿರುತ್ತೀಯ. ಇಳಿಸು, ಓದು. ಫೋನಿನಲ್ಲಿ ಈ ಮಾತೆತ್ತಿದರೆ ಒಲೆ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತೀಯ. ಇಷ್ಟು ವರ್ಷದಲ್ಲಿ ನಿಮ್ಮ ಮನೆಯ ಹಾಲು ಎಷ್ಟು ಸಲ ಉಕ್ಕಿತು ಎಂಬ ಲೆಕ್ಕ ನನಗೂ ಚಿಕ್ಕಪ್ಪನಿಗೂ ಮಾತ್ರ ಗೊತ್ತು. ಆದರೆ ಕೈಗೆ ಬಂದ ಕಾಗದವನ್ನು ಕೊನೆಯ ಅಕ್ಷರದವರೆಗೆ ಓದದೆ ಇರಲು ನಿನ್ನಿಂದಾಗುವುದಿಲ್ಲ. ಅದು ನಿನ್ನ ಕಸುಬು, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ವಿಷಯ ನಿನಗೆ ಗೊತ್ತಾಗಿರಬೇಕು. 'ನಾಳೆಯ ನೆರೆಹೊರೆ' ಮತ್ತೆ ಅಚ್ಚಾಗುತ್ತಿದೆ. ಹೊಸ ಆವೃತ್ತಿ ಬರುತ್ತದೆ, ಬಿಡುಗಡೆಗೆ ನೀವೂ ಬರಬೇಕು ಎಂದು ಅದನ್ನು ಸಂಪಾದಿಸಿದ ಮೇಷ್ಟ್ರು ನಿನಗೆ ಬರೆದರಂತೆ. ನೀನು ಬರುವುದಿಲ್ಲ ಎಂದು ಒಂದು ಪೋಸ್ಟ್‌ಕಾರ್ಡಿನಲ್ಲಿ ಉತ್ತರ ಕೊಟ್ಟೆಯಂತೆ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. 'ಈ ಸಲವಾದರೂ ಆ ತಪ್ಪನ್ನು ತೆಗೆಯಿರಿ, ಆ ಹೆಣ್ಣುಮಗಳ ಶೀರ್ಷಿಕೆಯನ್ನು ಅವರಿಗೆ ಹಿಂದಿರುಗಿಸಿ' ಎಂದೂ ಬರೆದಿದ್ದೀಯ. ಚಿಕ್ಕಪ್ಪನ ಮೇಲೆ ರೇಗಬೇಡ. ಕಾರ್ಡನ್ನು ಡಬ್ಬಿಗೆ ಹಾಕಲು ಅವರ ಕೈಗೆ ಕೊಟ್ಟವಳು ನೀನೇ. ಕಾರ್ಡು ಎಂದ ಮೇಲೆ ಯಾರು ಬೇಕಾದರೂ ಓದಬಹುದು. ಅವರು ಅಂಗಡಿಯ ಸೈಕಲ್ ಚಕ್ರವೊಂದನ್ನು ಅರ್ಧಕ್ಕೇ ಬಿಟ್ಟು ನನಗೆ ಫೋನು ಮಾಡಿ, "ನಿಮ್ಮ ಚಿಕ್ಕಮ್ಮ ಮತ್ತೆ ಶುರು ಮಾಡಿದ್ದಾಳೆ ಕಣಮ್ಮ, ನೀನೇ ಏನಾದ್ರೂ ಮಾಡು" ಎಂದರು.

ಮೇಷ್ಟ್ರು ನಿನ್ನ ಕಾರ್ಡು ಹಿಡಿದುಕೊಂಡು ನಮ್ಮ ಕಾರ್ಯಾಗಾರಕ್ಕೇ ಬಂದಿದ್ದರು. ಈಗ ಕೋಲು ಹಿಡಿದು ನಡೆಯುತ್ತಾರೆ, ಆದರೂ ಕೂತ ಕಡೆ ಕೂರುವುದಿಲ್ಲ. ನನ್ನ ಮೇಜಿನ ಮೇಲಿದ್ದ ಪ್ಲಾಸ್ಟರ್ ಅಚ್ಚುಗಳನ್ನು ಒಂದೊಂದಾಗಿ ಎತ್ತಿ ನೋಡಿ ಆಮೇಲೆ ವಿಷಯಕ್ಕೆ ಬಂದರು. ಆ ಪುಸ್ತಕದ ಕೊನೆಯ ಪ್ರೂಫ್ ನೋಡಿದವಳು ನೀನೊಬ್ಬಳೇ, ಹಾಗಾಗಿ ಕೊನೆಯ ಮಾತೂ ನಿನ್ನದೇ ಎಂದು ಅವರ ಅಭಿಪ್ರಾಯ. ನೀನು ತೆಗೆ ಎಂದರೆ ತೆಗೆಯುತ್ತಾರೆ, ಇರಲಿ ಎಂದರೆ ಇರುತ್ತದೆ. ಉತ್ತರ ಬರುವವರೆಗೆ ಮುದ್ರಣ ನಿಂತಿದೆ. ಆ ಶೀರ್ಷಿಕೆಯ ಪುಟವನ್ನು ಇದರ ಜೊತೆಗೆ ಇಟ್ಟಿದ್ದೇನೆ. ಈಗಲೇ ಬಿಚ್ಚಬೇಡ, ಮೊದಲು ನನ್ನ ಮಾತು ಮುಗಿಯಲಿ.

ಈ ಪುಸ್ತಕ ನಿಮಗೇನು ಮಾಡಿತು, ಒಂದೆರಡು ಪುಟ ಬರೆದುಕೊಡಿ, ಹೊಸ ಆವೃತ್ತಿಯಲ್ಲಿ ಹಾಕೋಣ ಎಂದು ಮೇಷ್ಟ್ರು ನನ್ನನ್ನೂ ಕೇಳಿದ್ದಾರೆ. ನಾನು ಲೇಖಕಿಯಲ್ಲ. ಕಾಲು ಕೆತ್ತುವವಳು. ಮೊದಲು ನಿನ್ನೆದುರು ಬರೆದು ಅಭ್ಯಾಸ ಮಾಡಿಕೊಳ್ಳುತ್ತೇನೆ. ನಿನಗೆ ಗೊತ್ತಿರುವುದನ್ನೇ ಹೇಳಿದರೆ ಸಹಿಸಿಕೋ.

ಆಗ ನಮ್ಮ ಭಾಷೆಯಲ್ಲಿ ವಿಜ್ಞಾನ ಕಥೆ ಎಂದರೆ ಬೇರೆಯವರು ಉಟ್ಟು ಬಿಟ್ಟ ಬಟ್ಟೆ. ರಾಕೆಟ್ಟುಗಳೆಲ್ಲ ಅನುವಾದದಲ್ಲೇ ಹಾರಬೇಕಿತ್ತು. ಮೇಷ್ಟ್ರು ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವರು. ನಮ್ಮವರು ಬರೆಯಲಾರರೇ ಎಂದು ಹಟಕ್ಕೆ ಬಿದ್ದು, ಪಶುವೈದ್ಯರೊಬ್ಬರು, ರೈಲ್ವೆ ಸಿಗ್ನಲ್ಲಿನವರು, ಬ್ಯಾಂಕಿನ ಗುಮಾಸ್ತರು, ಹೀಗೆ ಸಿಕ್ಕಸಿಕ್ಕವರ ಬೆನ್ನು ಹತ್ತಿ ಕಥೆ ಬರೆಸಿದರು. ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಅಮ್ಮ ಅವರ ಕೈಗೆ ಸಿಕ್ಕಿದ್ದೂ ಹಾಗೇ. ಯಾರಿಗೋ ಟ್ರಂಕ್ ಕಾಲ್ ಹಚ್ಚಿಕೊಡಿ ಎಂದು ಕೇಳಲು ಹೋಗಿ ಕಥೆ ಕೊಡಿ ಎಂದು ಕೇಳಿ ಬಂದರಂತೆ! ರಸೀದಿ ಪುಸ್ತಕ, ಕರಪತ್ರ ಅಚ್ಚು ಹಾಕುವ ಪುಟ್ಟ ಪ್ರೆಸ್ಸಿನಲ್ಲಿ ಒಂದೊಂದೇ ಅಚ್ಚುಮೊಳೆ ಜೋಡಿಸಿ ಪುಸ್ತಕ ಮಾಡಿದರು. ಆ ಪ್ರೆಸ್ಸಿನ ಪ್ರೂಫ್ ನೋಡುತ್ತಿದ್ದವಳು ನೀನು.

ಆಪರೇಟರ್ ಅಮ್ಮನ ಕಥೆಯ ಹೆಸರು 'ಕಾಲಯಾನ'. ತೀರಿಕೊಂಡ ಅಪ್ಪನನ್ನು ನೋಡಲು ಒಬ್ಬ ಮಗಳು ಹಿಂದಿನ ಕಾಲಕ್ಕೆ ಹೋಗುತ್ತಾಳೆ. ಅಪ್ಪ ಇನ್ನೂ ಮದುವೆಯಾಗದ ಹುಡುಗ, ಮುರಿದ ಕುರ್ಚಿಯೊಂದನ್ನು ರಿಪೇರಿ ಮಾಡುತ್ತ ಕೂತಿರುತ್ತಾನೆ. ಇವಳು ಯಾರೆಂದು ಅವನಿಗೆ ತಿಳಿಯದು. ಇವಳು ಹೇಳುವುದಿಲ್ಲ. ಕುರ್ಚಿಯ ಕಾಲು ಹಿಡಿದುಕೊಂಡು ಅವನಿಗೆ ಸಹಾಯ ಮಾಡಿ ವಾಪಸು ಬರುತ್ತಾಳೆ. ಅಷ್ಟೇ ಕಥೆ.

ಪುಸ್ತಕ ಬಂದಾಗ ಅದು 'ಕಾಲುಯಾನ' ಆಗಿತ್ತು. ಲಕಾರಕ್ಕೊಂದು ಕೊಂಬು. ಪತ್ರಿಕೆಯ ವಿಮರ್ಶಕರೊಬ್ಬರು, ಈ ಸಂಕಲನದಲ್ಲಿ ಕಾಲಕ್ಕೇ ಕಾಲು ಮೂಡಿದೆ, ಪ್ರೂಫ್ ನೋಡಿದವರ ಕಣ್ಣು ಎಲ್ಲಿತ್ತೋ ಎಂದು ಬರೆದರು. ಇಷ್ಟು ದಪ್ಪಕ್ಷರದ್ದೇ ಕಾಣದವರಿಗೆ ಸಣ್ಣಕ್ಷರ ಏನು ಕಂಡೀತು ಎಂದು ಪ್ರೆಸ್ಸಿನ ಯಜಮಾನರು ನಿನಗೆ ಕೆಲಸ ಕಳಿಸುವುದನ್ನೇ ನಿಲ್ಲಿಸಿದರು. ಆಮೇಲೆ ನೀನು ಸೇರಿಕೊಂಡದ್ದಾದರೂ ಎಲ್ಲಿಗೆ? ಕನ್ನಡಕದ ಅಂಗಡಿಗೆ, ಬಂದವರಿಗೆಲ್ಲ ಗೋಡೆಯ ಮೇಲಿನ ಅಕ್ಷರ ಓದಿಸುವ ಕೆಲಸಕ್ಕೆ! ಇದನ್ನು ನೆನೆಸಿಕೊಂಡು ನಾನು ನಕ್ಕದ್ದೂ ಇದೆ, ಅತ್ತದ್ದೂ ಇದೆ.

ಮನೆಯಲ್ಲಿ ಎಲ್ಲರೂ ನಿನ್ನ ಪರವಾಗಿ ಒಂದೇ ಮಾತು ಹೇಳುತ್ತಿದ್ದರು. ಪಾಪ, ಅವಳೇನು ಮಾಡಿಯಾಳು, ಅಕ್ಕನ ಮಗಳು ಬಸ್ಸಿನ ಚಕ್ರಕ್ಕೆ ಸಿಕ್ಕಿ ಕಾಲು ಕಳೆದುಕೊಂಡು ಆಸ್ಪತ್ರೆಯಲ್ಲಿತ್ತು, ಹಗಲೆಲ್ಲ ಅದರ ಪಕ್ಕ ಕೂತಿರುತ್ತಿದ್ದಳು, ಕಣ್ಣು ಮಂಜಾಗಿತ್ತು ಎಂದು. ಅಮ್ಮ ಗಿರಣಿಯ ಪಾಳಿ ಬಿಡುವ ಹಾಗಿರಲಿಲ್ಲವಲ್ಲ. "ನಮ್ಮಿಂದ ನನ್ನ ತಂಗಿಯ ಅನ್ನ ಹೋಯ್ತು" ಎಂದು ಆಕೆ ಎಷ್ಟು ಸಲ ಸೆರಗಿನಲ್ಲಿ ಕಣ್ಣೊರೆಸಿಕೊಂಡಳೋ. ನೀನು ಹೌದು ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. ಆ ಪುಸ್ತಕದ ಒಂದು ಪ್ರತಿಯನ್ನೂ ಮನೆಯಲ್ಲಿಟ್ಟುಕೊಳ್ಳಲಿಲ್ಲ.

ಆದ್ದರಿಂದ ಆ ಕೊಂಬು ಆಮೇಲೆ ಏನೇನು ಮಾಡಿತು ಎಂಬುದು ನಿನಗೆ ಪೂರ್ತಿ ಗೊತ್ತಿಲ್ಲ. ಕೇಳು.

ಆಪರೇಟರ್ ಅಮ್ಮ ಕಥೆಯಲ್ಲಿ ಯಂತ್ರದ ಮಾತೇ ಎತ್ತಿರಲಿಲ್ಲ. 'ಅವಳು ಹೊರಟಳು' ಎಂದು ಒಂದು ಸಾಲು, 'ತಲುಪುವ ಹೊತ್ತಿಗೆ ಸಂಜೆಯಾಗಿತ್ತು' ಎಂದು ಇನ್ನೊಂದು. ಮೇಲೆ ದಪ್ಪಕ್ಷರದಲ್ಲಿ ಕಾಲುಯಾನ ಎಂದಿತ್ತಲ್ಲ, ಓದಿದವರೆಲ್ಲ ಮಗಳು ನಡೆದುಕೊಂಡೇ ಹೋದಳು ಎಂದುಕೊಂಡರು. ನಿನ್ನೆಗೆ ಹೋಗುವುದು ಪಕ್ಕದ ಬೀದಿಗೆ ಹೋದ ಹಾಗೆ, ಅಪ್ಪನ ಯೌವನಕ್ಕೆ ಹೋಗಬೇಕಾದರೆ ಕಾಲಿಗೆ ಬೊಬ್ಬೆ ಬರುವಷ್ಟು ನಡೆಯಬೇಕು. ಯಾರಿಗೂ ಅದು ತಪ್ಪು ಅನ್ನಿಸಲೇ ಇಲ್ಲ. ವಿಮರ್ಶಕರಿಗೆ ಅನ್ನಿಸಿತು, ಬಿಡು, ಅವರು ಅದಕ್ಕೇ ಇರುವವರು. ಮುಂದೆ ಬರೆಯಲು ಕೂತವರು ಎಲ್ಲರೂ ಈ ಪುಸ್ತಕ ಓದಿ ಬೆಳೆದವರು. ಹಾಗಾಗಿ ನಮ್ಮ ಭಾಷೆಯ ಕಥೆಗಳಲ್ಲಿ ಕಾಲವನ್ನು ದಾಟುವವರು ಇವತ್ತಿಗೂ ಗಾಡಿ ಹತ್ತುವುದಿಲ್ಲ. ನಡೆಯುತ್ತಾರೆ. ಚಪ್ಪಲಿ ಸವೆಯುತ್ತದೆ. ಹೊರಲು ಆಗುವಷ್ಟನ್ನೇ ಜೊತೆಗೆ ಒಯ್ಯುತ್ತಾರೆ. ದಾರಿಯಲ್ಲಿ ಸುಸ್ತಾಗಿ ಯಾವುದೋ ಬೇಡದ ವರ್ಷದಲ್ಲಿ ಕೂತು ನೀರು ಕೇಳುತ್ತಾರೆ. ಒಬ್ಬಳು ಬಸುರಿ ನಡೆಯುತ್ತ ನಡೆಯುತ್ತ ಮಗುವಿನ ಕಾಲಕ್ಕೇ ಹೋಗಿ ಹೆತ್ತ ಕಥೆಯೊಂದಿದೆ, ನಿನಗೆ ಕಳಿಸುತ್ತೇನೆ, ಓದಿದರೆ ನೀನು ಒಂದು ದಿನ ಊಟ ಬಿಡುತ್ತೀಯ.

ನಗುವ ಸಂಗತಿಯೂ ಒಂದಿದೆ. ಬೇರೆ ದೇಶದ ವಿದ್ವಾಂಸರೊಬ್ಬರು, ಎಲ್ಲ ಕಡೆ ಕಾಲಕ್ಕೆ ಯಂತ್ರವಿರುವಾಗ ಇವರಿಗೇಕೆ ಕಾಲ್ನಡಿಗೆ ಎಂದು ತಲೆ ಕೆಡಿಸಿಕೊಂಡು ದೊಡ್ಡ ಪ್ರಬಂಧವನ್ನೇ ಬರೆದಿದ್ದಾರೆ. ಇದು ಈ ಜನರ ತತ್ತ್ವಜ್ಞಾನದ ಆಳದಿಂದ ಹುಟ್ಟಿದ್ದಂತೆ, ದೇಹವೇ ಕಾಲದ ಅಳತೆಗೋಲಂತೆ. ಮೇಷ್ಟ್ರು ಅದನ್ನು ನನ್ನೆದುರು ಗಟ್ಟಿಯಾಗಿ ಓದುತ್ತ, "ಆಳ ಗೀಳ ಏನಿಲ್ಲ, ಒಂದು ಕೊಂಬು ಅಂತ ಹೇಳ್ಬಿಡ್ಲಾ?" ಎಂದು ಕೇಳಿದರು. ಬೇಡ, ಪಾಪ, ಅವರ ಪದವಿ ಹೋದೀತು ಎಂದೆ.

ಪದವೂ ಮನೆಮನೆಗೆ ಹೊಕ್ಕಿದೆ. ತರಗತಿಯಲ್ಲಿ ಕಿಟಕಿಯಾಚೆ ನೋಡುತ್ತ ಕೂತ ಮಗುವಿಗೆ ಟೀಚರು, "ಏನಮ್ಮಾ, ಕಾಲುಯಾನ ಹೊರಟ್ಯಾ?" ಎನ್ನುವುದನ್ನು ನಾನೇ ಕೇಳಿದ್ದೇನೆ. ಆ ಟೀಚರಿಗೆ ಪುಸ್ತಕದ ಹೆಸರೂ ಗೊತ್ತಿರಲಿಲ್ಲ.

ನಿನ್ನ ಕಾರ್ಡಿನಲ್ಲಿದ್ದ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು, ಶೀರ್ಷಿಕೆ ಅವರದು, ಅವರಿಗೆ ಹಿಂದಿರುಗಿಸಿ ಎಂದಿದ್ದೀಯಲ್ಲ. ನ್ಯಾಯವೇ. ಹಾಗಾಗಿ ಹೋದ ವಾರ ಆಪರೇಟರ್ ಅಮ್ಮನ ಮನೆಗೇ ಹೋದೆ. ಮೂರನೇ ಮಹಡಿ, ಲಿಫ್ಟು ಕೆಟ್ಟಿತ್ತು, ಹೊಸ ಪಾದಕ್ಕೆ ಒಳ್ಳೆಯ ಪರೀಕ್ಷೆ. ಆಕೆಗೆ ಕಿವಿ ಸ್ವಲ್ಪ ಮಂದವಾಗಿದೆ. ಬದುಕೆಲ್ಲ ಬೇರೆಯವರ ಮಾತು ಹಾಯಿಸಿದ ಕಿವಿ, ಈಗ ರಜೆ ಹಾಕಿದೆ ಎಂದು ತಾವೇ ನಗುತ್ತಾರೆ. ನಿನ್ನ ಕಾರ್ಡು ತೋರಿಸಿದೆ. ಎರಡು ಸಲ ಓದಿದರು.

ಮೊದಲು ಸಿಟ್ಟು ಬಂದಿತ್ತಂತೆ, ಮುಚ್ಚಿಡಲಿಲ್ಲ. ಪುಸ್ತಕ ಕೈಗೆ ಬಂದ ದಿನ ಸ್ವಿಚ್‌ಬೋರ್ಡಿನ ಮುಂದೆ ಕೂತು ಅತ್ತರಂತೆ. ಆದರೆ ಅವರಿಗೆ ಇನ್ನೊಂದು ಅಳುಕಿತ್ತು. ಯಂತ್ರ ಹೇಗಿರುತ್ತದೆ ಎಂದು ಬರೆಯಲು ತಿಳಿಯದೆ ಆ ಜಾಗವನ್ನು ಹಾಗೇ ಹಾರಿಸಿದ್ದರು. ವಿಜ್ಞಾನ ಗೊತ್ತಿಲ್ಲದವಳು ವಿಜ್ಞಾನ ಕಥೆ ಬರೆದಳು ಎಂದು ಯಾರಾದರೂ ಆಡಿಕೊಂಡಾರು ಎಂದು ಕಾಯುತ್ತಲೇ ಇದ್ದರು. ಯಾರೂ ಆಡಿಕೊಳ್ಳಲಿಲ್ಲ. ಬಂದ ಪತ್ರಗಳೆಲ್ಲ, ಎಂಥ ಊಹೆ ನಿಮ್ಮದು, ಮಗಳನ್ನು ನಡೆಸಿಯೇ ಕಳಿಸಿದಿರಲ್ಲ ಎಂದು ಕೊಂಡಾಡಿದವು. "ನನ್ನ ಮಾನ ಉಳಿಸಿದ್ದೇ ಆ ಕೊಂಬು. ಈಗ ಯಾರಾದ್ರೂ ಅದನ್ನ ಕಿತ್ರೆ ನಾನು ಸುಮ್ನಿರಲ್ಲ ಅಂತ ನಿಮ್ಮ ಚಿಕ್ಕಮ್ಮಂಗೆ ಹೇಳು" ಎಂದರು. ಹೊರಡುವಾಗ ಕೈ ಹಿಡಿದುಕೊಂಡು, "ಅವರನ್ನ ಒಂದ್ಸಲ ನೋಡ್ಬೇಕಿತ್ತು. ಥ್ಯಾಂಕ್ಸ್ ಹೇಳೋಕೆ ಇಷ್ಟು ವರ್ಷ ತಡ ಮಾಡ್ಬಿಟ್ಟೆ" ಎಂದರು. ಬಿಡುಗಡೆಗೆ ಅವರು ಬರುತ್ತಾರೆ. ಮುಂದಿನ ಸಾಲಿನಲ್ಲಿ ಪಕ್ಕದ ಕುರ್ಚಿ ನಿನಗೆ ಎಂದು ಹಿಡಿದಿಟ್ಟಿದ್ದಾರೆ.

ಇನ್ನು ನನ್ನ ಕಥೆ. 'ಕಾಲುಯಾನ'ವನ್ನು ನನಗೆ ಮೊದಲು ಓದಿ ಹೇಳಿದವಳು ನೀನು. ನೀನು ಓದುವ ರೀತಿಯೇ ಬೇರೆ. ಅಲ್ಪವಿರಾಮ ಬಂದರೆ ಅಲ್ಪವಿರಾಮ ಎನ್ನುತ್ತೀಯ, ಪೂರ್ಣವಿರಾಮಕ್ಕೆ ಪೂರ್ಣವಿರಾಮ. ಇರುವುದನ್ನು ಇರುವ ಹಾಗೆ. ಕಣ್ಣು ಇರಬೇಕಾದ್ದನ್ನು ಓದಿಕೊಂಡು ಹೋಗುತ್ತದೆ, ನಾಲಿಗೆಗೆ ಕೊಟ್ಟರೆ ಇರುವುದನ್ನೇ ಓದುತ್ತದೆ ಎಂದು ನನಗೆ ಹೇಳಿಕೊಟ್ಟದ್ದೂ ನೀನೇ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯ ಮೇಲೆ 'ಶಾಸ್ತ್ರಚಿಕಿತ್ಸೆ' ಎಂದು ಬರೆದಿದ್ದನ್ನು ಹಾಗೇ ಗಟ್ಟಿಯಾಗಿ ಓದಿ, ಒಳಗೆ ಮಂತ್ರ ಹಾಕ್ತಾರೇನ್ರೀ ಎಂದು ನರ್ಸನ್ನು ಕೇಳಿ, ಆಕೆಯನ್ನು ಸ್ಟೂಲಿನ ಮೇಲೆ ಹತ್ತಿಸಿ ದೀರ್ಘವನ್ನು ಅಳಿಸಿದ ಮೇಲೇ ನೀನು ಅಲ್ಲಿಂದ ಕದಲಿದ್ದು.

ಕುಂಟಾಬಿಲ್ಲೆ ಎಂಬ ಹೆಸರನ್ನೂ ನೀನು ಬಿಡಲಿಲ್ಲ. ಬೀದಿಯಲ್ಲೆಲ್ಲ ಗೆರೆ ಎಳೆದು ಕುಣಿಯುತ್ತಿದ್ದವಳಿಗೆ ಇಟ್ಟ ಹೆಸರು. ಕಾಲು ಹೋದ ಮೇಲೆ ಎಲ್ಲರೂ ಅದನ್ನು ನುಂಗಿಕೊಂಡರು. ಅಮ್ಮ ಬೇಡ ಎಂದು ಕಣ್ಣುಸನ್ನೆ ಮಾಡಿದರೂ ನೀನು, ಆಟಕ್ಕೆ ಬೇಕಾಗಿದ್ದೇ ಒಂದು ಕಾಲು, ಅದಿದೆಯಲ್ಲ ಎಂದುಬಿಟ್ಟೆ. ಆ ಕ್ಷಣ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಜೀವ ಬಂತು.

ನಾನು ಈ ಕೆಲಸ ಹಿಡಿದದ್ದು ಆ ಕಥೆಯ ಮಗಳಿಂದ. ಕುರ್ಚಿಯ ಕಾಲು ಹಿಡಿದು ಕೂತಳಲ್ಲ, ಅವಳಿಂದ. ನಮ್ಮ ಕಾರ್ಯಾಗಾರದ ಬಾಗಿಲ ಮೇಲೆ 'ಕಾಲುಯಾನ' ಎಂದೇ ಬರೆಸಿದ್ದೇನೆ, ನೀನು ಒಂದು ಸಲವೂ ಬಂದು ನೋಡಲಿಲ್ಲ. ಹೋದ ತಿಂಗಳು ಒಬ್ಬ ಲಾರಿ ಡ್ರೈವರನ್ನು ಅವನ ತಂಗಿ ಕರೆದುಕೊಂಡು ಬಂದಳು. ಅಳತೆ ಕೊಡಲು ಒಪ್ಪಲಿಲ್ಲ, ಪ್ಲಾಸ್ಟರ್ ಪಟ್ಟಿಯನ್ನು ಎಸೆದ. ನಡಿಗೆ ಕಲಿಸುವ ಕಂಬಿಗಳ ನಡುವೆ ನಿಲ್ಲಿಸಿದರೆ ಎದುರಿನ ಕನ್ನಡಿಗೆ ಬೆನ್ನು ಹಾಕಿದ. ಹೇಗೆ ನಡೀಲಿ, ಯಾವ ಕಾಲಲ್ಲಿ ನಡೀಲಿ ಎಂದು ಕೂಗಾಡಿದ. ನಾನು ಎಲ್ಲರಿಗೂ ಹೇಳುವುದನ್ನೇ ಅವನಿಗೂ ಹೇಳಿದೆ, "ಇರೋ ಕಾಲಲ್ಲಿ, ಇನ್ನೇನು?" ಎಂದು. ಬೈಯುತ್ತಾನೆ ಎಂದುಕೊಂಡರೆ ನಕ್ಕುಬಿಟ್ಟ. ನಿನ್ನೆ ಬಾಗಿಲವರೆಗೆ ನಡೆದು ಹೋಗಿ ಬೋರ್ಡು ನೋಡಿ, ಕಾಲು ಅಂದ್ರೆ ಕಾಲಾನೋ ಕಾಲೋ ಎಂದು ಕೇಳಿದ. ಎರಡೂ ಎಂದೆ.

ಚಿಕ್ಕಮ್ಮ, ಆ ಬೋರ್ಡಿನಿಂದ ಕೊಂಬು ತೆಗೆದರೆ ನನ್ನ ಕೆಲಸಕ್ಕೆ ಹೆಸರೇ ಉಳಿಯುವುದಿಲ್ಲ. ಪುಸ್ತಕದಿಂದ ತೆಗೆದರೆ, ಅದನ್ನು ಓದಿ ಬರೆದವರೆಲ್ಲ ಯಾವುದೋ ತಪ್ಪಿನ ಮಕ್ಕಳಾಗುತ್ತಾರೆ. ಅವರು ತಪ್ಪಿನ ಮಕ್ಕಳಲ್ಲ, ನಿನ್ನ ಮಕ್ಕಳು. ಆ ಪುಸ್ತಕಕ್ಕೆ, ಅದನ್ನು ಕಟ್ಟಿದ ಮೇಷ್ಟ್ರಿಗೆ, ಬರೆದ ಆಕೆಗೆ ನಾನು ಕೃತಜ್ಞಳು. ಎಲ್ಲರಿಗಿಂತ ಮೊದಲು ನಿನಗೆ. ಇದನ್ನು ಬಾಯಿಬಿಟ್ಟು ಹೇಳಲು ನೀನು ಎಂದೂ ಬಿಟ್ಟವಳಲ್ಲ, ಅದಕ್ಕೇ ಬರೆದೆ.

ಈಗ ಪುಟ ಬಿಚ್ಚು. ತೆಗೆಯಲೇಬೇಕು ಎನ್ನಿಸಿದರೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕು, ನಾನು ಎದುರಾಡುವುದಿಲ್ಲ. ಇರಲಿ ಎನ್ನಿಸಿದರೆ ಕೆಳಗೆ ಸಹಿ ಮಾಡಿ ಕಳಿಸು. ಚಿಕ್ಕಪ್ಪನ ಕೈಗೆ ಕೊಡು, ಅವರು ಓದಿಯೇ ಡಬ್ಬಿಗೆ ಹಾಕಲಿ.

ನಿನ್ನ ಪ್ರೀತಿಯ,
ಕುಂಟಾಬಿಲ್ಲೆ

ಮರೆತ ಮಾತು: ಮರೆತದ್ದಲ್ಲ. ಮೇಲಿನದನ್ನು ಚಿಕ್ಕಪ್ಪನೂ ಓದುತ್ತಾರೆಂದು ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ತಪ್ಪಾದದ್ದನ್ನು ತಿದ್ದಿ ಎನ್ನುತ್ತಾರೆ, ತೆಗೆದುಕೊಂಡದ್ದನ್ನು ಹಿಂದಿರುಗಿಸಿ ಎನ್ನುತ್ತಾರೆ. ನೀನು ಕಾರ್ಡಿನಲ್ಲಿ ಹಿಂದಿರುಗಿಸಿ ಎಂದು ಬರೆದೆ. ಪದವನ್ನು ಸುಮ್ಮನೆ ಬಳಸುವವಳಲ್ಲ ನೀನು.

ಆ ಕಥೆಯನ್ನು ನೀನು ನನಗೆ ಓದಿದ್ದು ಪುಸ್ತಕದಿಂದಲ್ಲ. ಪುಸ್ತಕ ಬರುವ ಹೊತ್ತಿಗೆ ನಾನು ಮನೆಗೆ ಬಂದಾಗಿತ್ತು. ನೀನು ಓದಿದ್ದು ಆಸ್ಪತ್ರೆಯಲ್ಲಿ, ಮಂಚದ ಕಂಬಿಗೆ ನೇತುಹಾಕಿದ್ದ ಪ್ರೂಫಿನ ಉದ್ದ ಹಾಳೆಗಳಿಂದ. ಹೊದಿಕೆಯ ಒಂದು ಕಡೆ ಚಪ್ಪಟೆಯಾಗಿರುವುದನ್ನು ಕಂಡ ದಿನದಿಂದ ನಾನು ಯಾರ ಜೊತೆಗೂ ಮಾತಾಡಿರಲಿಲ್ಲ. ನೀನು ಗಟ್ಟಿಯಾಗಿ 'ಕಾಲುಯಾನ' ಎಂದು ಓದಿದೆ. ಅಲ್ಲೇ ನಿಂತೆ. ಕೆಂಪು ಪೆನ್ಸಿಲು ಹಾಳೆಯ ಹತ್ತಿರ ಹೋಯಿತು. ನಾನು, "ಯಾವ ಕಾಲಲ್ಲಿ?" ಎಂದು ಕೇಳಿದೆ. ನೀನು ನನ್ನ ಮುಖ ನೋಡಿದೆ. "ಇರೋ ಕಾಲಲ್ಲಿ, ಇನ್ನೇನು?" ಎಂದೆ. ನನಗೆ ನಗು ಬಂತು, ಮುಂದೆ ಓದು ಎಂದೆ. ನೀನು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಪೂರ್ತಿ ಓದಿದೆ. ಆಮೇಲೂ ಅದನ್ನು ಕೆಳಗಿಳಿಸಲಿಲ್ಲ. ಪರಿವಿಡಿಯಲ್ಲೂ ಅದೇ ಕೊಂಬಿದೆ, ನಿನ್ನ ಕಣ್ಣು ಎರಡು ಸಲ ತಪ್ಪುವುದುಂಟೇ?

ಇದು ನನಗೆ ತುಂಬ ದಿನದಿಂದ ಗೊತ್ತು. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಪುಟಕ್ಕೆ ಸಹಿ ಹಾಕಿ ಕಳಿಸು. ಬಿಡುಗಡೆಯ ದಿನ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ನಿಲ್ದಾಣದಿಂದ ಸಭೆಯ ಜಾಗ ಸ್ವಲ್ಪ ದೂರವಿದೆ, ಆಟೋ ಬೇಡ. ನಡೆದೇ ಹೋಗೋಣ.